ಕಾಡಿಗೆ ಬಳಿದ ಮುಖ

ಹಳೆಯ ರೇಡಿಯೋದಂಥ ಕೊರಕೊರ ಸದ್ದು, ಅದರ ಹಿಂದೆಯೇ ದೊಡ್ಡದೊಂದು ನಗೆ... ಮೊನ್ನೆ ಅರೋರಾ ಊರಿನಲ್ಲಿರುವ ಮಗಳ ಮನೆಯಲ್ಲಿ ಮೊಮ್ಮಗಳು ಕಾಲೇಜಿನ ಫಿಲ್ಮ್ ಕ್ಲಾಸಿಗೆಂದು ಹಳೇ ಕಾಮಿಡಿಯೊಂದನ್ನು ನೋಡುತ್ತಿದ್ದಳು. ರೇಡಿಯೋ ನಾಟಕವನ್ನೇ ಸಿನಿಮಾ ಮಾಡಿದ್ದಂತೆ. ಬಿಳಿಯರಿಬ್ಬರು ಮುಖಕ್ಕೆ ಮಸಿ ಬಳಿದುಕೊಂಡು, ಕಪ್ಪುಜನರೆಂದರೆ ಪೆದ್ದರೆಂಬಂತೆ ಎಡವಿ ಬೀಳುತ್ತಿದ್ದರು.

"ಅಜ್ಜಿ, ಹೌ ವಾಸ್ ದಿಸ್ ಫನ್ನಿ?"

ನನಗೆ ನಾವು ಮೊದಲಿದ್ದ ಸ್ಟರ್ಲಿಂಗ್ ಹೈಟ್ಸ್‌ನ ಪಕ್ಕದ ಮನೆಯಾಕೆ ನೆನಪಾದರು. ಕಪ್ಪು ಹೆಂಗಸು, ಕಾರ್ ಪ್ಲಾಂಟಿನಲ್ಲಿ ದುಡಿದು ರಿಟೈರ್ ಆದವರು. ಸ್ನೋದಲ್ಲಿ ಡ್ರೈವ್ ಮಾಡುವುದನ್ನು ನನಗೆ ಕಲಿಸಿದವರೇ ಅವರು. ನನ್ನ ಕಾನ್ವೆಂಟ್ ಇಂಗ್ಲಿಷ್ ಕೇಳಿ, "ರಾಣಿ ಜೊತೆ ಟೀ ಕುಡಿದು ಬಂದ್ಯಾ?" ಎಂದು ರೇಗಿಸುತ್ತಿದ್ದರು.

ಒಂದು ವರ್ಷ ಕನ್ನಡ ಕೂಟದ ದೀಪಾವಳಿ ನಾಟಕಕ್ಕೆ ನಮ್ಮ ಬೇಸ್‌ಮೆಂಟಿನಲ್ಲೇ ರಿಹರ್ಸಲ್. ನನ್ನ ಯಜಮಾನರದು ಪೆದ್ದ ಆಳಿನ ಪಾತ್ರ. ಆಳು ಕಪ್ಪಗಿರಬೇಕೆಂದು ಯಾರೂ ಹೇಳಿರಲಿಲ್ಲ. ಆದರೂ ನನ್ನ ಕಾಡಿಗೆಯನ್ನೆಲ್ಲ ಮುಖಕ್ಕೆ ಬಳಿದುಕೊಂಡಿದ್ದರು. ಎಲ್ಲರೂ ಬಿದ್ದು ಬಿದ್ದು ನಗುತ್ತಿರುವಾಗ ಆಕೆ ಕೇಕ್ ಹಿಡಿದು ಮೆಟ್ಟಿಲಿಳಿದು ಬಂದರು. ನಗು ಗಪ್ಪೆಂದು ನಿಂತಿತು. ಇನ್ನು ಈಕೆ ನಮ್ಮನೆಗೆ ಬರುವುದುಂಟೇ ಎಂದುಕೊಂಡೆ...

ಆಕೆ ಮೆಟ್ಟಿಲ ಮೇಲೆಯೇ ಕೂತರು. ಅವರು ಚಿಕ್ಕವರಿದ್ದಾಗ ಅವರಪ್ಪ ಸಂಜೆಯಾದರೆ ರೇಡಿಯೋ ಕಾಮಿಡಿ ಕೇಳಿ ಕಣ್ಣಲ್ಲಿ ನೀರು ಬರುವಂತೆ ನಗುತ್ತಿದ್ದರಂತೆ. ಅದೇ ಸಿನಿಮಾ ಆಗಿ ಬಂದಾಗ, ಮಗಳಿಗೆ ಚರ್ಚಿಗೆ ಹೋಗುವಾಗಿನ ಒಳ್ಳೆಯ ಫ್ರಾಕ್ ಹಾಕಿಸಿ ಕರೆದೊಯ್ದರಂತೆ.

"ರೇಡಿಯೋಲಿ ಮುಖ ಕಾಣ್ತಿರ್ಲಿಲ್ಲ ನೋಡು, ಹನೀ. ಆ ಬಣ್ಣ ಕಂಡಿದ್ದೇ ಅಪ್ಪ ಹ್ಯಾಟ್ ಹಾಕ್ಕೊಂಡು ಎದ್ದುಬಿಟ್ಟ. ದಾರಿಯುದ್ದಕ್ಕೂ ನನ್ನ ಮುಖ ನೋಡ್ಲಿಲ್ಲ."

ಯಜಮಾನರು ತಗ್ಗಿದ ದನಿಯಲ್ಲಿ, "ಇದು ನಿಮ್ಮವರ ಬಗ್ಗೆ ಅಲ್ಲ... ನಮ್ಮೂರ ಕಡೆ ಆಳು, ಅಷ್ಟೇ" ಎಂದರು.

"ಅವನಿಗೂ ಒಬ್ಬ ಮಗಳಿರ್ತಾಳಲ್ಲ?"

ಯಜಮಾನರು ಲಾಂಡ್ರಿ ಸಿಂಕಿಗೆ ಹೋಗಿ ಮುಖ ತೊಳೆದರು. ಹರಳೆಣ್ಣೆಯ ಕಾಡಿಗೆ, ಬೇಗ ಬಿಡಲಿಲ್ಲ. ಕೊನೆಗೆ ಆಕೆಯೇ ಟವೆಲ್ ಒದ್ದೆ ಮಾಡಿ ಕಿವಿಯ ಹಿಂದೆಲ್ಲ ಉಜ್ಜುತ್ತ, "ಅಲ್ಲಾಡಬೇಡ, ದೊಡ್ಡ ಮಗೂ" ಎಂದು ಗದರಿದರು.

ನಾಟಕದ ದಿನ ಆಕೆ ಮುಂದಿನ ಸಾಲಿನಲ್ಲಿ ಕೂತಿದ್ದರು. ಒಂದು ಮಾತೂ ಅರ್ಥವಾಗದಿದ್ದರೂ ನಮ್ಮ ಬರಿಮುಖದ ಆಳನ್ನು ನೋಡಿ ನಕ್ಕರು.

ಈಗ ಆಕೆಯೂ ಇಲ್ಲ, ಯಜಮಾನರೂ ಇಲ್ಲ. ಮೊಮ್ಮಗಳಿಗೆ ಇಷ್ಟನ್ನೂ ಹೇಳಿದೆ. ಆಕೆಯನ್ನು ಕಡೆಯ ಸಲ ನೋಡಿದ್ದು ನಾವು ಮಗಳ ಊರಿನ ಹತ್ತಿರದ ಲಿಸ್ಲ್‌ಗೆ ಮನೆ ಬದಲಿಸಿದ ಬೆಳಿಗ್ಗೆ. ಮನೆ ಕೊಂಡ ಹೊಸಬರಿಗೆ ಕೀ ಕೊಡುವ ಕೆಲಸ ಅವರಿಗೇ ವಹಿಸಿದ್ದೆವು. ಕಾರು ತಿರುಗುವಾಗ ಹಿಂದೆ ನೋಡಿದೆ... ಖಾಲಿಯಾದ ನಮ್ಮ ಮನೆಯ ಬಾಗಿಲಲ್ಲಿ, ಒಳಗಡೆಯೇ ನಿಂತು, ಅದು ತಮ್ಮದೇ ಮನೆಯೆಂಬಂತೆ ನಮ್ಮನ್ನು ಬೀಳ್ಕೊಡುತ್ತಿದ್ದರು.