ಎಡಗಡೆಯ ಹೂವು

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂಬ ಗಾದೆಯನ್ನು ಜನ ನನ್ನೆದುರಿಗೇ ಹೇಳಿ ನಗುತ್ತಾರೆ. ನಾನೂ ನಗುತ್ತೇನೆ. ಈ ವಯಸ್ಸಿನಲ್ಲಿ ಬೇಜಾರು ಮಾಡಿಕೊಳ್ಳುವುದಕ್ಕೂ ಶಕ್ತಿ ಬೇಕು.

ಚಳ್ಳಕೆರೆ ಸೀಮೆಯ ನಮ್ಮೂರಿನಲ್ಲಿ ಅಪ್ಪ ತೀರಿಕೊಂಡ ಮೇಲೆ ಮಾರಮ್ಮನ ಪೂಜೆ ನನ್ನ ಪಾಲಿಗೆ ಬಂತು. ಅಪ್ಪನ ನಂಬಿಕೆ ಮಾತ್ರ ಬರಲಿಲ್ಲ. ಏನಾದರೂ ತೀರ್ಮಾನ ಮಾಡಬೇಕಾದರೆ ಜನ ಅಮ್ಮನ ಹತ್ತಿರ ಹೂ ಕೇಳುತ್ತಿದ್ದರು. ಎರಡು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ಕಲ್ಲಿನ ಮೂರ್ತಿಯ ಎರಡು ಭುಜಕ್ಕೂ ಅಂಟಿಸುವುದು ನನ್ನ ಕೆಲಸ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನೀರು ಬೇಗ ಆರಿದ ಹೂವೇ ಮೊದಲು ಬೀಳುತ್ತದೆ ಎಂದು ಒಂದೇ ತಿಂಗಳಲ್ಲಿ ನನಗೆ ಗೊತ್ತಾಯಿತು. ಹೊಟ್ಟೆಪಾಡಿನ ವಿಷಯ, ಬಾಯಿ ಮುಚ್ಚಿಕೊಂಡಿದ್ದೆ.

ಪ್ಲೇಗು ಬಂದ ವರ್ಷ ನಮ್ಮ ಅಟ್ಟದಿಂದ ಇಲಿ ಸತ್ತು ಬಿತ್ತು. ಇಲಿ ಬಿದ್ದರೆ ಮನೆ ಬಿಡಬೇಕು. ಊರೆಲ್ಲ ಉಳ್ಳಾರ್ತಿ ಕಾವಲಿನ ಹುಲ್ಲುಬಯಲಿನಲ್ಲಿ ಗುಡಿಸಲು ಹಾಕತೊಡಗಿತು. ಅವ್ವ ಮಾತ್ರ ಒಲೆ ಮುಂದಿನಿಂದ ಏಳಲಿಲ್ಲ.

"ಅಮ್ಮನ್ನ ಕೇಳು. ಹೋಗು ಅಂದ್ರೆ ಹೋಗ್ತೀನಿ" ಎಂದಳು.

ಬೇಗ ಬೀಳದಿರಲಿ ಎಂದು ಎಡಗಡೆಯ ಹೂವಿಗೆ ಗಂಧ ಮೆತ್ತಿ ಅಂಟಿಸಿದೆ. ಬಲಗಡೆಯದು ಬಿತ್ತು. ಅವ್ವ ಮೊರ, ಮಡಕೆ ಹೊತ್ತುಕೊಂಡು ಹೊರಟಳು. ನಾವೆಲ್ಲ ಬದುಕಿ ಉಳಿದೆವು. ಅಮ್ಮನೇ ಉಳಿಸಿದಳು ಎಂದು ಅವ್ವ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದಳು. ಅದನ್ನು ಕೇಳುವಾಗಲೆಲ್ಲ ನನಗೆ ನಾಚಿಕೆಯಾಗುತ್ತಿತ್ತು.

ಮರುವರ್ಷ ಮತ್ತೆ ಇಲಿ ಬಿತ್ತು. ಅವ್ವ ಮತ್ತೆ ಹೂ ಕೇಳು ಎಂದಳು. ಹೆತ್ತವಳಿಗೆ ಇನ್ನೊಂದು ಸಲ ಮೋಸ ಮಾಡಲು ಮನಸ್ಸು ಬರಲಿಲ್ಲ. ಹೋದ ಸಲ ಬದುಕಿ ಬಂದವಳು, ಹೂವು ಏನೇ ಹೇಳಿದರೂ ಹೊರಡುತ್ತಾಳೆ ಎಂದುಕೊಂಡೆ. ಜೊತೆಗೆ ಒಂದು ಹುಳ ಒಳಗೇ ಕೊರೆಯುತ್ತಿತ್ತು: ನಾನು ಕೈ ಹಾಕದಿದ್ದರೆ ಏನಾಗುತ್ತದೋ ನೋಡೋಣ. ಎರಡನ್ನೂ ಬರೀ ನೀರಿನಲ್ಲಿ ಅದ್ದಿ ಅಂಟಿಸಿದೆ.

ಎಡಗಡೆಯದು ಬಿತ್ತು. ಅವ್ವ ಕೈಮುಗಿದು, ಮನೆಗೆ ಬಂದು ಒಲೆ ಹಚ್ಚಿದಳು.

ನಾನು ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿಬಿಟ್ಟೆ. "ಹೋದ್ ವರ್ಷ ನಾನೇ ಗಂಧ ಹಚ್ಚಿದ್ದೆ ಕಣವ್ವ. ಅದ್ರಾಗೆ ಏನೂ ಇಲ್ಲ. ಇದ್ರಾಗೂ ಇಲ್ಲ. ಏಳು, ಹೋಗಾಣ."

ಅವಳಿಗೆ ಸಿಟ್ಟು ಬರಲಿಲ್ಲ. "ಹಚ್ಚಿದ್ದು ನಿನ್ ಕೈ ಕಣಪ್ಪ, ಹಚ್ಚಿಸ್ದೋಳು ಯಾರು?" ಎಂದಳು. ಒಲೆಗೆ ಸೌದೆ ತಳ್ಳುತ್ತಾ, "ಈ ಸಲ ಯಾಕೆ ಹಚ್ಚಲಿಲ್ಲ, ಹೇಳು ನೋಡಾಣ" ಎಂದಳು.

ಕೈ ಹಿಡಿದು ಎಳೆದೆ, ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೆಂಡತಿ ಮಕ್ಕಳನ್ನು ಬಯಲಿಗೆ ಕಳಿಸಿ ನಾನೊಬ್ಬ ಅವಳ ಜೊತೆ ಉಳಿದೆ. ವಾರದೊಳಗೆ ಅವಳ ಕಂಕುಳಲ್ಲಿ ಗಡ್ಡೆ ಎದ್ದಿತು. ನಾಲ್ಕನೇ ದಿನ ಹೋಗಿಬಿಟ್ಟಳು. ನನಗೆ ಏನೂ ಆಗಲಿಲ್ಲ.

ಅಮ್ಮ ಕರೆದುಕೊಂಡಳು ಎಂದು ಊರವರು ಹೇಳಿದರು. ನಂಬಿಕೆಯವರ ಜೊತೆ ವಾದ ಮಾಡಿಯೂ ದಣಿದಿದ್ದೇನೆ, ನನ್ನ ಜೊತೆ ಮಾಡಿಯೂ ದಣಿದಿದ್ದೇನೆ. ಈಗಲೂ ಹೂ ಕೇಳಲು ಯಾರಾದರೂ ಬಂದರೆ, ಅವರಿಗೆ ಯಾವುದು ಒಳ್ಳೆಯದೆಂದು ಮೊದಲೇ ವಿಚಾರಿಸಿಕೊಂಡು ಗಂಧ ತೇಯುತ್ತೇನೆ. ಆಮೇಲೆ ಒಬ್ಬರಿಗೂ ಗಂಧ ತಪ್ಪಿಸಿಲ್ಲ. ಅವ್ವನಿಗೆ ಒಂದು ಸಲ ತಪ್ಪಿಸಿದೆ.