ಮಹಾಬಳೇಶ್ವರನ ಜೆಟ್ ದೋಣಿ

ಗಂಗೆಯನ್ನು ಭೂಮಿಗೆ ಇಳಿಸಲು ಭಗೀರಥ ಒಂಟಿಕಾಲಲ್ಲಿ ನಿಂತು ತಪಸ್ಸು ಮಾಡಬೇಕಾಯಿತು. ದಾಂಡೇಲಿಯ ಪಂಪ್ ರಿಪೇರಿ ಮಹಾಬಳೇಶ್ವರನಿಗೆ ಒಂದು ಚೆಂಬು ಸೆಗಣಿ ನೀರು ಸಾಕು. ಬಾವಿಯ ಪಂಪು ಗಾಳಿ ಎಳೆದು ನೀರೆತ್ತದೆ ಒದ್ದಾಡುವಾಗ ಅವನು ಮೇಲಿನಿಂದ ಸೆಗಣಿ ಕದಡಿದ ನೀರು ಹೊಯ್ಯುತ್ತಾನೆ. ಅದರ ನಾರು ಹೋಗಿ ಸಂದಿಯಲ್ಲಿ ಕೂರುತ್ತದೆ, ಪಂಪು ನೀರೆತ್ತುತ್ತದೆ. ಹಳಿಯಾಳದ ಗದ್ದೆಗಳಲ್ಲಿ ಇದನ್ನು ಯಾರು ಬೇಕಾದರೂ ಮಾಡುತ್ತಾರೆ. ಆದರೆ ಮಹಾಬಳೇಶ್ವರನ ಭಕ್ತಿ ಬೇರೆ ದರ್ಜೆಯದು. ಮುಂಡಗೋಡದ ಒಂದು ಮನೆಯ ಏರ್ ಕೂಲರಿಗೂ ಅವನು ಅದನ್ನೇ ಹೊಯ್ದ. ಆ ಸಂಸಾರ ಬೇಸಿಗೆಯಿಡೀ ಕೊಟ್ಟಿಗೆಯ ತಂಗಾಳಿಯಲ್ಲಿ ಮಲಗಿತು. ಗೋವಾ ಗಡಿಯ ಅನಮೋಡದ ಚೆಕ್‌ಪೋಸ್ಟಿನಲ್ಲಿ ಅವನ ಸೆಗಣಿ ಚೀಲಕ್ಕೆ ಇಣುಕಿದ ಪೊಲೀಸರು ಮೂಗು ಮುಚ್ಚಿಕೊಂಡು ಸಕಲ ಮರ್ಯಾದೆಯೊಂದಿಗೆ ಬೀಳ್ಕೊಟ್ಟರಂತೆ.

ಈ ಮಹಾಪುರುಷನ ಸಾಮ್ರಾಜ್ಯ ನದಿ ರಸ್ತೆಯ ಒಂದು ತಗಡಿನ ಶೆಡ್ಡು. ಶೆಡ್ಡಿನ ಒಡೆಯ ಹರೀಶ, ಕಾಳಿ ನದಿಯಲ್ಲಿ ಪ್ರವಾಸಿಗರಿಗೆ ರಾಫ್ಟಿಂಗ್ ಮಾಡಿಸುವವನು. ಅವನಿಗೆ ಹೊಸ ಜೀಪು ನಿಲ್ಲಿಸಲು ಜಾಗ ಬೇಕಾಯಿತು, ಶೆಡ್ಡು ಖಾಲಿ ಮಾಡು ಎಂದ. ಮಹಾಬಳೇಶ್ವರ ಕೈಮುಗಿದು ಹೋದಾಗ ಹರೀಶ ತನ್ನ ಅತಿಥಿಗಳ ನಡುವೆ ಕುಳಿತು ಚಹಾ ಕುಡಿಯುತ್ತಿದ್ದ.

“ಶೆಡ್ ಬಿಟ್ಟು ಎಲ್ಲಿಗೆ ಹೋಗ್ಲಿ ಸಾವ್ಕಾರ್ರ? ಗಿರಾಕಿ ಎಲ್ಲಾ ಅಲ್ಲೇ ಹುಡಕೊಂಡು ಬರ್ತಾರ.”

“ಏ ಮಹಾಬಳೇಶ, ನೀ ದೊಡ್ಡ ಮಿಸ್ತ್ರಿ ಅಲ್ಲೇನೋ? ಒಂದು ಆಟದ ದೋಣಿ ಮಾಡು. ಆಚಿ ದಂಡಿಗೆ ಹಗ್ಗ ಒಯ್ಯಬೇಕು ನೋಡು. ಫ್ಯಾನ್ ಹಚ್ಚಿದ ದೋಣಿ ಎಲ್ಲಾ ಕಲ್ಲಿಗೆ ಬಡದು ರೆಕ್ಕಿ ಮುರಕೊಂಡು ಕುಂತಾವ. ನಿಂದು ದಾಟಿದ್ರ ಶೆಡ್ ನಿನಗ. ದಾಟ್ಲಿಲ್ಲಂದ್ರ ಅವತ್ತ ಸಂಜೀಕ ಖಾಲಿ.”

ಅತಿಥಿಗಳು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಸಿಕ್ಕರೆ ಹರೀಶ ಸ್ವಂತ ಅಜ್ಜಿಯನ್ನೂ ಹೊಳೆಗೆ ತಳ್ಳುವವನು.

ಮಹಾಬಳೇಶ್ವರ ಯೋಚಿಸಿದ: ರೆಕ್ಕೆ ಹೊರಗಿದ್ದರಲ್ಲವೇ ಮುರಿಯುವುದು? ಹೀಗೆ ಹುಟ್ಟಿತು ಜೆಟ್. ತಳದ ತೂತಿನಿಂದ ನೀರು ಎಳೆದು ಹಿಂದಿನ ಸಣ್ಣ ಬಾಯಿಯಿಂದ ಉಗುಳಬೇಕು, ಆ ಒತ್ತಡಕ್ಕೆ ದೋಣಿ ಮುನ್ನುಗ್ಗಬೇಕು. ಮುರಿದ ಕಯಾಕ್ ದೋಣಿಯ ತುಂಡಿನಿಂದ ಮೈ ಮಾಡಿದ. ಕೆಟ್ಟ ಡ್ರಿಲ್ಲಿನ ಮೋಟಾರು ಕಿತ್ತು ತಂದ. ಹಿತ್ತಾಳೆ ತಗಡು ಕತ್ತರಿಸಿ, ತಿರುಚಿ, ರೆಕ್ಕೆ ಮಾಡಿ, ಮೋಟಾರಿನ ದಂಡಕ್ಕೆ ಬೆಸೆದ. ಪೈಪಿನೊಳಗೆ ರೆಕ್ಕೆ ತಿರುಗುವಾಗ ಸುತ್ತ ಒಂದು ಕಾಗದ ತೂರುವಷ್ಟೇ ಸಂದಿ. ನೀರು ಸುಳಿಯಾಗದೆ ನೆಟ್ಟಗೆ ಬರಲೆಂದು ಹಿಂದೆ ಸಣ್ಣ ಪಟ್ಟಿಗಳು, ದಂಡದ ಕೊಳವೆಯಿಂದ ನೀರು ಒಳಗೆ ಬಾರದಂತೆ ಗ್ರೀಸು. ಚೆಂದವಾಗಿತ್ತು, ಸುಳ್ಳು ಹೇಳಬಾರದು. ಒಂದೇ ಕೊರತೆ: ಮೋಟಾರು, ಬ್ಯಾಟರಿ ಎರಡನ್ನೂ ಮೂತಿಯಲ್ಲಿ ಇಟ್ಟಿದ್ದ. ಬಟ್ಟೆ ಒಗೆಯುವ ತೊಟ್ಟಿಗೆ ಬಿಟ್ಟಾಗ ಮೂತಿ ಮುಳುಗಿತು, ಹಿಂಭಾಗ ಎದ್ದಿತು. ಮೋಟಾರು ಕಿರುಚಿತು. ಹನಿ ನೀರು ಬರಲಿಲ್ಲ.

“ಕುಂಡಿ ಎತ್ತಿ ಕುಂತೈತಲ್ರೀ ಅದು,” ಎಂದಳು ಹೆಂಡತಿ ತುಳಜಾ. “ಬ್ಯಾಟರಿ ಹಿಂದ ಸರಸ್ರಿ.”

“ನೀ ಸುಮ್ನಿರು. ಎಲ್ಲೋ ಗಾಳಿ ಎಳಿಯಾಕತ್ತೈತಿ.”

“ಮತ್ತೇನ್ ಎಳದೀತು? ತೂತು ನೀರಿಗೆ ಮುಟ್ಟೇ ಇಲ್ಲ.”

“ಅದಕ್ಕ ನನ್ನ ಹತ್ರ ಔಷಧ ಐತಿ.”

ತುಳಜಾ ಒಗೆಯಬೇಕಾದ ಬಟ್ಟೆಗಳನ್ನು ಬಾಚಿಕೊಂಡು ಒಳಗೋಡಿದಳು. ಮಹಾಬಳೇಶ್ವರ ಪೈಪಿಗೆ ಮೇಲೊಂದು ತೂತು ಕೊರೆದು, ಔಷಧ ಹೊಯ್ದು, ಬಿರಡೆ ಹಾಕಿದ. ದೋಣಿ ತೊಟ್ಟಿಯ ಆ ತುದಿಗೆ ಹಾರಿತು. ತೊಟ್ಟಿ ಇದ್ದದ್ದೇ ಅಷ್ಟುದ್ದ. ಆದ್ದರಿಂದ ಪ್ರಯೋಗ ಸಂಪೂರ್ಣ ಯಶಸ್ವಿ.

ಭಾನುವಾರ ನದಿ ದಂಡೆಯಲ್ಲಿ ಜಾತ್ರೆಯಂತೆ ಜನ. ದೋಣಿ ತೇಲುವುದನ್ನು ನೋಡಲು ಒಬ್ಬನೂ ಬಂದಿರಲಿಲ್ಲ. ಚಹಾದಂಗಡಿಯ ಮಲಕಪ್ಪ ಸ್ಟೋವನ್ನೇ ಹೊತ್ತು ತಂದಿದ್ದ. ಹರೀಶ ಬಿಳಿ ಅಂಗಿ ತೊಟ್ಟು ಮೊಣಕಾಲುದ್ದ ನೀರಿಗಿಳಿದ. “ಬಾಲ ನಾನ ಹಿಡೀತೇನಿ. ಫೋಟೋ ತೆಗೀರಿ!” ಎಂದು ದೋಣಿಯ ಹಿಂದೆ ಬಗ್ಗಿ, ಬಾಯಿ ತುಂಬ ನಕ್ಕ. ಮಹಾಬಳೇಶ್ವರ ಹಗ್ಗ ಕಟ್ಟಿದ, ಔಷಧ ಹೊಯ್ದ, ಸ್ವಿಚ್ ಒತ್ತಿದ.

ಜೆಟ್ ಎಂದರೆ ಜೆಟ್. ಒಂದು ಚೆಂಬು ಸೆಗಣಿ ನೀರು, ಸುಳಿಯಾಗದೆ, ನೆಟ್ಟಗೆ, ಆ ನಗುವಿನೊಳಗೇ ನುಗ್ಗಿತು.

ದಂಡೆ ನಕ್ಕಿತು. ಅತಿಥಿಗಳು ಬಿದ್ದು ಬಿದ್ದು ನಕ್ಕರು. ದೋಣಿ ನಾಲ್ಕು ಮಾರು ಬಾಣದಂತೆ ಹೋಯಿತು. ಔಷಧ ತೀರಿತು, ಮೋಟಾರು ಗಾಳಿ ಎಳೆದು ಕಿರುಚಿತು, ಸೆಳವು ದೋಣಿಯನ್ನು ಅಡ್ಡ ತಿರುಗಿಸಿ ಬಂಡೆಗೆ ಬಡಿಯಿತು. ಕಾಗದದಷ್ಟು ಸಂದಿಯ ಆ ರೆಕ್ಕೆ, ಪಟ್ಟಿಗಳು, ಎಲ್ಲವೂ ಹೊಳೆಪಾಲು. ದಂಡೆ ಅದಕ್ಕೂ ಅಷ್ಟೇ ಮನಸಾರೆ ನಕ್ಕಿತು.

ಹರೀಶ ಉಗುಳಿದ, ಮುಖ ತೊಳೆದ, ಮತ್ತೆ ಉಗುಳಿದ. “ಸಂಜೀಕ ಅಲ್ಲ,” ಎಂದ ಮೆಲ್ಲಗೆ. “ಈಗ.”

ಶೆಡ್ಡು ಖಾಲಿ ಮಾಡಲು ಆಳು ಹುಡುಕಬೇಕಾಗಲಿಲ್ಲ. ನಗಲು ಬಂದವರೇ ಉತ್ಸಾಹದಿಂದ ಪಂಪುಗಳನ್ನು ಹೊತ್ತು ರಸ್ತೆ ಬದಿಗೆ ಎಸೆದರು. ಒಂದರ ಬಾಡಿ ಒಡೆದಾಗ “ಅಯ್ಯೋ” ಎಂದು ಇನ್ನೊಂದನ್ನೂ ಎಸೆದರು. ಕೊನೆಯ ಪಂಪು ಹೊರಬೀಳುವ ಮೊದಲೇ ಜೀಪು ಒಳಗೆ ಬಂತು. ಕತ್ತಲಾಗುವಷ್ಟರಲ್ಲಿ ಊರು ಕಥೆ ಕಟ್ಟಿಯಾಗಿತ್ತು: ಮಹಾಬಳೇಶ್ವರ ಸೋಲಲೆಂದೇ ದೋಣಿ ಮಾಡಿದ, ಬಡವರೆಲ್ಲರ ಸೇಡು ಒಂದೇ ಚೆಂಬಿನಲ್ಲಿ ತೀರಿಸಿದ. ಉಳವಿಗೆ ಹೊರಟ ಯಾತ್ರಿಕರೂ ಇದನ್ನೇ ಹೇಳಿಕೊಂಡು ಹೋದರು.

ರಸ್ತೆ ಬದಿಯ ರಾಶಿಯ ಮೇಲೆ ಕುಳಿತಿದ್ದ ವೀರನಿಗೆ ಮಲಕಪ್ಪ ತಾನೇ ಚಹಾ ತಂದ.

“ಏನ್ ಗುರಿ ಮಹಾಬಳೇಶಣ್ಣಾ! ನೆಟ್ಟಗ ಬಾಯಾಗ! ಎಂದಿನಿಂದ ಹೂಡಿದ್ದೆಪಾ ಈ ಸಂಚು? ಊರ ಮಂದಿ ಕೇಳಾಕತ್ತಾರ, ಹೇಳು.”

“ಗುರಿ ಎಲ್ಲೀದು?” ಎಂದ ಮಹಾಬಳೇಶ್ವರ. “ಸಾವ್ಕಾರ್ರು ತಾವಾಗೇ ಅಡ್ಡ ಬಂದು ನಿಂತಿದ್ರು. ಈ ಪಂಪು ಇಡಾಕ ಎಲ್ಲೆರ ಜಾಗಾ ಇದ್ರ ಹೇಳ್ರಿ.”