ದನಗಳಿಗೆ ಬರುತ್ತಿದ್ದ ಶುಕ್ರವಾರದ ಅನ್ನ

ಕತಾರಿನಲ್ಲಿ ಏನು ಕೆಲಸ ಎಂದು ಊರಿನಲ್ಲಿ ಯಾರಾದರೂ ಕೇಳಿದರೆ, ದನಗಳಿಗೆ ಹಿಂಡಿ ಹಾಕಿಸುತ್ತೇನೆ ಎನ್ನುತ್ತೇನೆ. ತಮಾಷೆ ಅಂದುಕೊಂಡು ನಗುತ್ತಾರೆ. ಅಲ್ ವಕ್ರಾದಲ್ಲಿ ನಮ್ಮ ಕಟ್ಟಡದ ಊರಿನವರೂ ನಕ್ಕಿದ್ದಾರೆ. ಅವರೆಲ್ಲ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಬೆಳಿಗ್ಗೆ ಮೆಟ್ರೋ ಹತ್ತುವ ಆಫೀಸಿನ ಜನ. ನಾನೊಬ್ಬಳೇ ಗಮ್‌ಬೂಟನ್ನು ಕಾರಿನ ಡಿಕ್ಕಿಗೆ ಹಾಕಿಕೊಂಡು ಉತ್ತರದ ಕಡೆ ಹೊರಡುವವಳು. ಮೇವು ಮಾರುವ ಕಂಪನಿಯೊಂದರಲ್ಲಿ ನಾನು ಪಶು ಆಹಾರದ ಸಲಹೆಗಾರ್ತಿ. ಚೀಲ ಮಾರುವುದು ಬೇರೆಯವರ ಕೆಲಸ, ಚೀಲದೊಳಗಿನದ್ದು ದನದ ಮೈಗೆ ಹತ್ತುವಂತೆ ನೋಡಿಕೊಳ್ಳುವುದು ನನ್ನದು.

ಅಲ್ ಶಮಾಲ್ ಕಡೆಯ ಆ ತೋಟಕ್ಕೆ ನಾನು ಮೊದಲು ಹೋದದ್ದು ಬಿಸಿಲು ಸ್ವಲ್ಪ ಇಳಿಯುತ್ತಿದ್ದ ಅಕ್ಟೋಬರಿನಲ್ಲಿ. ಮಾಂಸಕ್ಕೆಂದು ಸಾಕಿದ, ಡುಬ್ಬದ ದೊಡ್ಡ ದನಗಳು. ಮರಳಿನ ನಡುವೆ ನೀರು ಚಿಮ್ಮಿಸುತ್ತ ಸುತ್ತುವ ಉದ್ದನೆಯ ಯಂತ್ರ, ಅದರ ಕೆಳಗೆ ಗುಂಡಗೆ ರೋಡ್ಸ್ ಹುಲ್ಲಿನ ಗದ್ದೆ. ಆಫ್ರಿಕಾದ ಈ ಹುಲ್ಲಿಗೆ ಸೆಕೆ ಎಂದರೆ ಪ್ರಾಣ, ನೀರು ಕೊಟ್ಟರೆ ಇಲ್ಲಿಯೂ ಸೊಂಟದೆತ್ತರ ಬೆಳೆಯುತ್ತದೆ. ಹಾಗೆ ಬೆಳೆಯಲು ಬಿಡುವುದೇ ತಪ್ಪು. ಎಳೆಯದಾಗಿದ್ದಾಗ ಮೇಯಿಸದಿದ್ದರೆ ಅದು ಬರೀ ಕಡ್ಡಿ, ಅದರಲ್ಲಿ ಪ್ರೋಟೀನ್ ಹುಡುಕಿದರೂ ಸಿಗುವುದಿಲ್ಲ. ಅಲ್ಲಿ ಆದದ್ದೂ ಅದೇ. ದನಗಳು ಹೊಟ್ಟೆ ಊದಿಸಿಕೊಂಡು ನಿಂತಿದ್ದವು, ಬೆನ್ನು ನೋಡಿದರೆ ಎಲುಬು ಎಣಿಸುವ ಹಾಗಿತ್ತು.

ದನಗಳ ಉಸ್ತುವಾರಿ ನೋಡುತ್ತಿದ್ದವರು ಉಳ್ಳಾಲ ಕಡೆಯ ಬ್ಯಾರಿ. ನಾನು ಅವರನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದೆ. ನನ್ನ ಮನೆಮಾತು ಕೊಂಕಣಿ, ಅವರದ್ದು ಬ್ಯಾರಿ. ತುಳುವಿನಲ್ಲಿ ಶುರುವಾದ ನಮ್ಮ ಮಾತು ಕೆಲಸದ ವಿಷಯಕ್ಕೆ ಬರುವಾಗ ಕನ್ನಡಕ್ಕೆ ತಿರುಗುತ್ತಿತ್ತು. ಅದೇ ಯಜಮಾನರ ಬಳಿ ದುಡಿಯುತ್ತಲೇ ಅವರ ತಲೆಕೂದಲು ನರೆತಿತ್ತು. ಹೆಂಡತಿ, ಮಗಳು ಉಮ್ಮ್ ಸಲಾಲ್‌ನ ಎರಡು ಕೋಣೆಯ ಮನೆಯಲ್ಲಿದ್ದರು. ಮಗಳು ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು, ಮಾರ್ಚಿನಲ್ಲಿ ಪರೀಕ್ಷೆ.

ಯಜಮಾನರು ಮಾತ್ರ ದನಗಳನ್ನೆಲ್ಲ ಮಾರಿ ಆಡು ಸಾಕುವ ಯೋಚನೆಯಲ್ಲಿದ್ದರು, ಅದನ್ನು ನೋಡಿಕೊಳ್ಳಲು ಬೇರೆ ಜನ. ಚಳಿ ಮುಗಿಯುವುದರೊಳಗೆ ದನ ಸರಿಯಾಗದಿದ್ದರೆ ಖಲಾಸ್ ಎಂದಿದ್ದರಂತೆ. ಮೇಸ್ತ್ರಿಯ ವೀಸಾ ರದ್ದಾದರೆ ಹೆಂಡತಿ ಮಗಳದ್ದೂ ಅದರ ಹಿಂದೆಯೇ ರದ್ದು. ಮಗಳು ಪರೀಕ್ಷೆಯ ಹೊತ್ತಿಗೆ ಪುಸ್ತಕ ಕಟ್ಟಿಕೊಂಡು ವಿಮಾನ ಹತ್ತಬೇಕಾಗುತ್ತದೆ ಎಂದು ಅವರು ಮೊದಲ ದಿನವೇ ನನಗೆ ಹೇಳಿದರು. ಹೇಳಿ, ತಪ್ಪು ಮಾಡಿದವರಂತೆ ನಕ್ಕರು. ನನಗೆ ಆ ನಗು ಇಷ್ಟವಾಗಲಿಲ್ಲ, ಆ ಮನುಷ್ಯ ಇಷ್ಟವಾದರು.

ಮೊದಲು ನಾನು ಕೊಡಿಸಲು ನೋಡಿದ್ದು ಯೂರಿಯಾ ಮತ್ತು ಕಬ್ಬಿನ ಕಾಕಂಬಿ ಸೇರಿಸಿ ಮಾಡಿದ ಇಟ್ಟಿಗೆ. ದನ ಅದನ್ನು ನೆಕ್ಕುತ್ತದೆ, ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳಿಗೆ ಬೇಕಾದ ಸಾರಜನಕ ಸಿಗುತ್ತದೆ. ಕಡ್ಡಿಯಂಥ ಹುಲ್ಲನ್ನು ನಿಜವಾಗಿ ತಿನ್ನುವುದು ದನವಲ್ಲ, ಆ ಜೀವಿಗಳು. ಅವು ಉಪವಾಸ ಬಿದ್ದರೆ ಹುಲ್ಲು ಹೊಟ್ಟೆಯಲ್ಲಿ ಹಾಗೇ ಕೂತಿರುತ್ತದೆ. ಇದನ್ನೆಲ್ಲ ವಿವರಿಸಿದೆ. ಮೇಸ್ತ್ರಿ ಕೈಕಟ್ಟಿ ಕೇಳಿಸಿಕೊಂಡು, ಊರಿನಲ್ಲಿ ಗದ್ದೆಗೆ ಎರಚುವ ಯೂರಿಯಾ ಅಲ್ಲವೇ ಎಂದರು. ಅದೇ ಎಂದೆ. ಗೊಬ್ಬರ ತಿನ್ನಿಸಲು ಕೈ ಬರುವುದಿಲ್ಲ ಎಂದರು. ಲೆಕ್ಕ ತಪ್ಪಿದರೆ ಅದು ವಿಷವೂ ಹೌದು, ಹಾಗಾಗಿ ಹೆದರಿದವರ ಕೈಗೆ ಅದನ್ನು ಕೊಡದಿರುವುದೇ ವಾಸಿ ಎಂದು ನಾನೂ ಬಿಟ್ಟೆ. ಹತ್ತಿಬೀಜದ ಹಿಂಡಿಗೆ ಒಪ್ಪಂದವಾಯಿತು. ವಾರಕ್ಕೆ ಮೂರು ಸಲ ಹಾಕಿದರೂ ಸಾಕು, ದನದ ಮೈ ಅದನ್ನು ಉಳಿಸಿಕೊಂಡು ಬಳಸುತ್ತದೆ. ಹಿಂಡಿ ಎಂದ ಕೂಡಲೇ ಅವರ ಮುಖ ಅರಳಿತು, ಅದು ಅವರ ತಾಯಿಯೂ ಬಲ್ಲ ವಸ್ತು. ಹುಲ್ಲನ್ನು ಎಳೆಯದಾಗಿರುವಾಗಲೇ ಸರದಿಯಲ್ಲಿ ಮೇಯಿಸಲು ಬೇಲಿ ಹಾಕಿಸಿದೆವು.

ನವೆಂಬರ್ ಕಳೆಯಿತು. ದನಗಳ ಮೈ ಮಾತ್ರ ಇದ್ದ ಹಾಗೇ ಇತ್ತು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಗಂಡ ಹೇಳುವುದುಂಟು. ಒಂದು ಶುಕ್ರವಾರ ರಜೆಯಾದರೂ ಯಾರಿಗೂ ಹೇಳದೆ ತೋಟಕ್ಕೆ ಹೋದೆ. ಹುಲ್ಲಿನ ಗದ್ದೆಯಲ್ಲಿ ಒಂದು ದನವೂ ಇರಲಿಲ್ಲ. ಎಲ್ಲವೂ ಹುಲ್ಲಿಗೆ ಬೆನ್ನು ಹಾಕಿ ಗೇಟಿನ ಬಳಿ ಒತ್ತೊತ್ತಾಗಿ ನಿಂತಿದ್ದವು. ಸ್ವಲ್ಪ ಹೊತ್ತಿನಲ್ಲಿ ಯಜಮಾನರ ಮನೆಯ ಪಿಕಪ್ ಬಂತು. ಅದರ ತುಂಬ ದೊಡ್ಡ ದೊಡ್ಡ ತಟ್ಟೆಗಳು, ತಟ್ಟೆಗಳಲ್ಲಿ ಅತಿಥಿಗಳು ಕೂಡುವ ಮಜ್ಲಿಸಿನಲ್ಲಿ ಉಳಿದ ಅನ್ನ. ತುಪ್ಪ, ಏಲಕ್ಕಿ ಹಾಕಿ ಬೇಯಿಸಿದ ಬಾಸ್ಮತಿ. ಮೇಸ್ತ್ರಿ ಎರಡೂ ಕೈಯಲ್ಲಿ ಬಾಚಿ ಬಾಚಿ ದನಗಳು ತಿನ್ನುವ ಬಾನಿಗೆ ಹಾಕುತ್ತಿದ್ದರು. ಬಲವಾದ ದನಗಳು ಉಳಿದವನ್ನು ತಳ್ಳಿ ಮುಕ್ಕುತ್ತಿದ್ದವು.

ಅವರನ್ನು ಬೈಯಲು ಬಾಯಿ ತೆರೆದವಳು ಅಲ್ಲೇ ನಿಂತೆ. ಊರಲ್ಲಿ ನಮ್ಮ ಮನೆಯ ಹಿತ್ತಲಲ್ಲೂ ಒಂದು ಬಾಲ್ದಿ ಇತ್ತು. ಅಕ್ಕಿ ತೊಳೆದ ನೀರು, ಗಂಜಿಯ ತಿಳಿ, ತಟ್ಟೆಯಲ್ಲಿ ಉಳಿದ ಅಗುಳು, ಬಾಳೆಕಾಯಿ ಸಿಪ್ಪೆ, ಎಲ್ಲ ಅದಕ್ಕೆ. ಸಂಜೆ ಹಸು ಅದರಲ್ಲಿ ಮೂತಿ ಅದ್ದಿ ಸೊರ್ ಎಂದು ಕುಡಿಯುವುದನ್ನು ನೋಡದೆ ಅಮ್ಮ ಒಳಗೆ ಬರುತ್ತಿರಲಿಲ್ಲ. ಆದರೆ ಅದು ಒಂದು ಹಸುವಿಗೆ ಒಂದು ಬಾಲ್ದಿ ತಿಳಿನೀರು. ಇಲ್ಲಿ ಬರುತ್ತಿದ್ದದ್ದು ರಾಶಿ ಅನ್ನ. ಹೊಟ್ಟೆಯ ಜೀವಿಗಳಿಗೆ ಸುಲಭದ ಪಿಷ್ಟ ಸಿಕ್ಕರೆ ನಾರಿನ ತಂಟೆಗೇ ಹೋಗುವುದಿಲ್ಲ, ಕೊಟ್ಟ ಹಿಂಡಿಯೂ ಅನ್ನದ ಪಾಲಾಗುತ್ತದೆ. ಅನ್ನ ಇನ್ನೂ ಹೆಚ್ಚಾದರೆ ಹೊಟ್ಟೆ ಹುಳಿಯಾಗಿ ದನ ಮಲಗುತ್ತದೆ.

ನಾನೇ ಯಜಮಾನರಿಗೆ ಹೇಳುತ್ತೇನೆ ಎಂದೆ. ಮೇಸ್ತ್ರಿ ಗಾಬರಿಯಾದರು. ಮೊದಲ ಸಲ ಅನ್ನ ಬಂದಾಗ, ಹೇಗಾಯಿತು ಎಂದು ಯಜಮಾನರು ಕೇಳಿದ್ದರಂತೆ. ದನಗಳು ಬಹಳ ಖುಷಿಯಲ್ಲಿ ತಿಂದವು ಬಾಬಾ ಎಂದು ಇವರು ಹೇಳಿದ್ದರು. ಕೊಟ್ಟದ್ದನ್ನು ಹೊಗಳುವುದು ನಮ್ಮ ಕಡೆಯ ಮರ್ಯಾದೆ. ಹೊಟ್ಟೆ ಬಿರಿಯುತ್ತಿದ್ದರೂ ಇನ್ನೊಂದು ಸೌಟು ಹಾಕಿಸಿಕೊಂಡು, ಚಂದ ಆಗಿದೆ ಎನ್ನುತ್ತೇವೆ. ಮುಂದಿನ ವಾರ ಎರಡು ತಟ್ಟೆ ಜಾಸ್ತಿ ಬಂತು. ಆಮೇಲೆ ಅದು ನಿಲ್ಲಲೇ ಇಲ್ಲ. ಅನ್ನ ಎಂದರೆ ದೇವರ ನಿಅಮತ್, ಅವನ ಕೊಡುಗೆ, ಅದನ್ನು ಬೇಡ ಎನ್ನುವ ನಾಲಗೆ ತನ್ನಲ್ಲಿಲ್ಲ ಎಂದರು ಮೇಸ್ತ್ರಿ.

"ನೀವು ಹೇಳಿ ವಕ್ರಾಕ್ಕೆ ಹೋಗ್ತೀರಿ ಮೇಡಂ. ನಾಳೆ ಅವರ ಮುಖ ನೋಡ್ಬೇಕಾದ್ದು ನಾನು. ಅವರಿಗೆ ಬೇಸರ ಆಗ್ತದೆ."

ಅವರು ಕೈಮುಗಿಯುವುದೊಂದು ಬಾಕಿ. ಅನ್ನವನ್ನು ಬಿಸಿಲಿಗೆ ಒಣಗಿಸಿ ತೋಟದ ಕೋಳಿಗಳಿಗೆ ಹಾಕುವುದೆಂದು ಮಾತಾಯಿತು. ನಾನು ಬಾಯಿಗೆ ಬೀಗ ಹಾಕಿಕೊಂಡೆ, ಆದರೆ ದಾರಿಯುದ್ದಕ್ಕೂ ಸ್ಟೇರಿಂಗಿಗೆ ಗುದ್ದುತ್ತ ಬಂದೆ.

ಅಲ್ಲಿಂದ ಮುಂದೆ ಬೆನ್ನಿನ ಎಲುಬು ಸ್ವಲ್ಪ ಸ್ವಲ್ಪವೇ ಮುಚ್ಚತೊಡಗಿತು. ಸಗಣಿ ಗಟ್ಟಿಯಾಯಿತು. ದನಗಳು ಹುಲ್ಲಿನ ಕಡೆ ಮುಖ ಮಾಡಿದವು. ಜನವರಿಯಲ್ಲಿ ಯಜಮಾನರ ಮನೆಯಲ್ಲಿ ಮದುವೆ. ಮದುವೆಯ ಮರುದಿನ ಬೆಳಿಗ್ಗೆ ಮೇಸ್ತ್ರಿಯ ಫೋನು ಬಂತು. ಮೂರು ಪಿಕಪ್ ಅನ್ನ ಬಂದಿತ್ತಂತೆ, ಜೊತೆಯಲ್ಲಿ ಬಂದ ಯಜಮಾನರ ತಮ್ಮ ಖುಷಿಯಲ್ಲಿ ತಾನೇ ಬಾನಿಗೆ ಸುರಿದನಂತೆ. ಮೇಸ್ತ್ರಿ ಪಕ್ಕದಲ್ಲಿ ನಿಂತು, ಬಹಳ ಸಂತೋಷ ಎಂದಿದ್ದಾರೆ.

ನಾನು ತಲುಪುವಾಗ ನಾಲ್ಕೈದು ದನ ತೂರಾಡುತ್ತಿದ್ದವು. ಗುಂಪಿನ ದೊಡ್ಡ ಬಿಳಿ ಹಸು ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿತ್ತು, ಎಬ್ಬಿಸಿದರೆ ಏಳುತ್ತಿರಲಿಲ್ಲ. ಅದರ ಸಗಣಿ ನೀರಾಗಿ ಹುಳಿ ನಾರುತ್ತಿತ್ತು, ಅದರಲ್ಲಿ ಇಡೀ ಇಡೀ ಅಗುಳು. ಪಶುವೈದ್ಯರು ಬಂದು ಹುಳಿ ಇಳಿಯಲು ಅಡುಗೆ ಸೋಡಾದ ನೀರು ಕುಡಿಸಿದರು, ಬಾಟಲಿ ಏರಿಸಿದರು. ಉಳಿದವು ಮಧ್ಯಾಹ್ನದ ಹೊತ್ತಿಗೆ ಚೇತರಿಸಿಕೊಂಡವು, ಬಿಳಿ ಹಸು ಸತ್ತಿತು. ನನಗೆ ಅಳು ಬಂತು. ಮಾಂಸದ ದನಕ್ಕೆ ಅಳುವ ಹೆಂಗಸು ಎಂದು ವೈದ್ಯರು ಮುಖ ತಿರುಗಿಸಿರಬೇಕು, ನಾನು ಕೇರ್ ಮಾಡಲಿಲ್ಲ.

ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಯಜಮಾನರು ಬಂದರು. ವಯಸ್ಸಾದವರು, ಕೋಲೂರಿ ನಡೆಯುವವರು, ನನ್ನನ್ನು ಡಾಕ್ಟರಾ ಎಂದು ಗೌರವದಿಂದ ಕರೆಯುವವರು. ಸತ್ತ ಹಸುವನ್ನು ನೋಡಿ ಏನಾಯಿತು ಎಂದು ಮೇಸ್ತ್ರಿಯನ್ನು ಕೇಳಿದರು. ಇವರು ಎಂದಿನಂತೆ, ದೇವರ ಇಚ್ಛೆ ಬಾಬಾ, ಉಳಿದದ್ದೆಲ್ಲ ಚೆನ್ನಾಗಿದೆ ಎನ್ನುತ್ತಾರೆ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ. ಮೇಸ್ತ್ರಿ ನೆಲ ನೋಡಿದರು. ಆಮೇಲೆ ತಲೆ ಎತ್ತಿ, ಇಷ್ಟು ವರ್ಷದಲ್ಲಿ ಕಲಿತ ಅರಬ್ಬಿಯಲ್ಲಿ ನಿಧಾನವಾಗಿ ಹೇಳಿದರು.

"ಬಾಬಾ, ಅನ್ನದಿಂದ ಸತ್ತಿತು. ಇನ್ನು ಅನ್ನ ಕಳಿಸಬೇಡಿ."

ಯಜಮಾನರು ಇದು ನಿಜವೇ ಎನ್ನುವಂತೆ ನನ್ನ ಕಡೆ ನೋಡಿದರು. ಹೌದೆಂದೆ. ಎಂದಿನಿಂದ ಗೊತ್ತಿತ್ತು ಎಂದು ಕೇಳಿದಾಗ ಮೇಸ್ತ್ರಿ ಅದನ್ನೂ ಮುಚ್ಚಿಡಲಿಲ್ಲ. ಯಜಮಾನರಿಗೆ ಸಿಟ್ಟು ಬರಲಿಲ್ಲ. ಯಾರೋ ಕುರ್ಚಿ ತಂದರು, ಕೂತರು. ಕೋಲಿನ ತುದಿಯಿಂದ ಮರಳನ್ನು ಕೆದಕುತ್ತ ಅವರು ಆಡಿದ ಮಾತು ನನಗೆ ಇವತ್ತಿಗೂ ನೆನಪಿದೆ.

"ಮೇವು ಬರುತ್ತದೆ, ಅನ್ನ ಬರುತ್ತದೆ, ದನ ಮಾತ್ರ ಎಲುಬು. ಕೇಳಿದರೆ ಎಲ್ಲ ಚೆನ್ನಾಗಿದೆ ಎನ್ನುತ್ತೀಯ. ನೀನು ಮೇವನ್ನು ಹೊರಗೆ ಮಾರಿಕೊಳ್ಳುತ್ತೀ ಅಂದುಕೊಂಡಿದ್ದೆ. ಕಳ್ಳ ಅನ್ನುವುದಕ್ಕೆ ಮನಸ್ಸು ಬರಲಿಲ್ಲ, ಅದಕ್ಕೇ ದನ ಮಾರುತ್ತೇನೆ ಅಂದೆ."

ನನಗೆ ಅವರಿಬ್ಬರ ಮೇಲೂ ಒಟ್ಟಿಗೇ ಸಿಟ್ಟು ಬಂತು, ಒಟ್ಟಿಗೇ ಪಾಪ ಅನ್ನಿಸಿತು. ಒಬ್ಬರ ಮನಸ್ಸು ನೋಯಬಾರದೆಂದು ಇನ್ನೊಬ್ಬರು ಸುಮ್ಮನಿದ್ದು, ಹಸು ಹೋಯಿತು, ಮೇಸ್ತ್ರಿಯ ಮಾನವೂ ಹೋಗುವುದರಲ್ಲಿತ್ತು. ಯಜಮಾನರು ಎದ್ದು ಮೇಸ್ತ್ರಿಯ ಹೆಗಲ ಮೇಲೆ ಕೈಯಿಟ್ಟು, ದನ ಇರಲಿ ಎಂದು ಹೇಳಿ ಹೋದರು. ಮೇಸ್ತ್ರಿ ಶುಕ್ರನ್ ಬಾಬಾ, ಉಪಕಾರವಾಯಿತು ಎಂದರು. ಕಾರು ಗೇಟು ದಾಟುವವರೆಗೂ ನಿಂತಿದ್ದು, ಆಮೇಲೆ ಹಿಂಡಿಯ ಕೊಟ್ಟಿಗೆಗೆ ಹೋಗಿ ಬಾಗಿಲು ಎಳೆದುಕೊಂಡರು. ಬಹಳ ಹೊತ್ತು ಹೊರಗೆ ಬರಲಿಲ್ಲ.

ಉಳಿದದ್ದು ಸರಳ. ಅನ್ನ ನಿಂತಿತು, ಹಿಂಡಿ ಮುಂದುವರಿಯಿತು, ಹುಲ್ಲನ್ನು ಎಳೆಯದಾಗಿಯೇ ಮೇಯಿಸಿದೆವು. ಫೆಬ್ರವರಿ ಮುಗಿಯುವಾಗ ದನಗಳ ಬೆನ್ನ ಮೇಲೆ ಕೈಯಾಡಿಸಿದರೆ ಎಲುಬು ಸಿಗುತ್ತಿರಲಿಲ್ಲ. ಮೇಸ್ತ್ರಿಯ ವೀಸಾ ನವೀಕರಣವಾಯಿತು. ಮಗಳು ಪರೀಕ್ಷೆ ಬರೆದಳು, ಪಾಸಾದಳು.

ರಿಸಲ್ಟ್ ಬಂದ ವಾರ ನನ್ನನ್ನೂ ಗಂಡನನ್ನೂ ಊಟಕ್ಕೆ ಕರೆದರು. ಉಮ್ಮ್ ಸಲಾಲ್‌ನ ಮನೆಯಲ್ಲಿ ಕೋಳಿ ಸಾರು, ಅಕ್ಕಿರೊಟ್ಟಿ. ಮಗಳು ನನ್ನ ಜೊತೆ ಇಂಗ್ಲಿಷಿನಲ್ಲಿ ಹರಟಿದಳು, ಕನ್ನಡಕ್ಕೆ ತಡವರಿಸುತ್ತಿದ್ದಳು. ಮೇಸ್ತ್ರಿ ಹೆಂಡತಿಯ ಎದುರು ಯಜಮಾನರನ್ನು ಬಾಯ್ತುಂಬ ಹೊಗಳಿದರು, ಅಂಥ ಮನುಷ್ಯ ಇಲ್ಲ ಎಂದರು. ತಟ್ಟೆ ಒಳಗಿಡಲು ನಾನು ಅಡುಗೆಮನೆಗೆ ಹೋದಾಗ ಆಕೆ ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ತಗ್ಗಿದ ದನಿಯಲ್ಲಿ ಕೇಳಿದರು.

"ಹಸು ಸತ್ತ ದಿನ ಅಲ್ಲಿ ಎಂತ ಆಯ್ತು ಮೇಡಂ? ಆವತ್ತಿಂದ ಇವರು ನಿದ್ದೆಯೇ ಮಾಡುದಿಲ್ಲ. ಕೇಳಿದ್ರೆ, ಎಲ್ಲ ಚೆನ್ನಾಗಿದೆ ಅಂತಾರೆ."

ಬಾಗಿಲಿನಾಚೆ ಮೇಸ್ತ್ರಿ ಊಟದ ಚಾಪೆ ಮಡಚುತ್ತಿದ್ದರು. ಕೈ ನಿಂತಿತ್ತು, ನಮ್ಮ ಕಡೆ ನೋಡುತ್ತಿರಲಿಲ್ಲ.

"ಎಂತದೂ ಇಲ್ಲ," ಎಂದೆ ನಾನು. "ಹಸು ಸತ್ತ ಬೇಸರ ಅಷ್ಟೆ."